ಪರೋಕ್ಷದ ನೋಟ: ಸೂಕ್ಷ್ಮದರ್ಶಕ, ಜೈನ ಜ್ಞಾನಮೀಮಾಂಸೆ ಮತ್ತು ಸಂಶೋಧನಾರ್ಥಿಯ ಕಣ್ಣು

ನ್ಯಾನೋ ವಸ್ತುಗಳ ಮೇಲೆ ಬರೆದ ಯಾವುದೇ ಪಿಎಚ್‌.ಡಿ. ಮಹಾಪ್ರಬಂಧವನ್ನು ತೆರೆದರೂ ಒಂದು ಬಗೆಯ ವಾಕ್ಯ ಸಿಗುತ್ತದೆ: ಚಿನ್ನದ ಕಣದಲ್ಲಿ ಪರಮಾಣುಗಳ ಸಾಲುಗಳ ನಡುವೆ 0.235 ನ್ಯಾನೋಮೀಟರ್ ಅಂತರ ಕಂಡುಬಂದಿದೆ. ವಾಕ್ಯದ ಭಾರವೆಲ್ಲ ಬಿದ್ದಿರುವುದು ಕೊನೆಯ ಕ್ರಿಯಾಪದದ ಮೇಲೆ. ಕಂಡವರು ಯಾರು, ಕಂಡದ್ದು ಏನು, ಆ ಕಾಣುವಿಕೆ ಯಾವ ಬಗೆಯ ಜ್ಞಾನ ಎಂಬುದನ್ನು ಅದು ಹೇಳುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ ಮೂಡಿದ ಚಿತ್ರ ಪ್ರತ್ಯಕ್ಷವೋ, ಅನುಮಾನವೋ, ಇಲ್ಲವೇ ಬಲ್ಲವರ ಮಾತನ್ನು ನಂಬಿ ಪಡೆದ ಶಬ್ದಜ್ಞಾನವೋ? ಭಾರತೀಯ ದರ್ಶನಗಳು ಪ್ರಮಾಣವಿಚಾರ ಎಂದು ಕರೆದ ಚರ್ಚೆಯೊಳಗೆ ಈ ಪ್ರಶ್ನೆ ನೇರವಾಗಿ ಬಂದು ಕೂರುತ್ತದೆ. ಸಂಶೋಧನಾರ್ಥಿಗೆ ಸೂಕ್ಷ್ಮದರ್ಶಕದ ತರಬೇತಿ ಕೊಡುವುದೆಂದರೆ ಏನನ್ನು ಕಲಿಸುವುದು ಎಂಬುದೂ ಇದರ ಉತ್ತರವನ್ನೇ ಅವಲಂಬಿಸಿದೆ.

ನೆಲದ ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಎರಡು ಕಡೆಯಿಂದ ಬೇರುಗಳಿವೆ. ಮೊದಲನೆಯದು ಇಂದಿನ ವಿದ್ಯಾಭ್ಯಾಸದ್ದು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕಬ್ಬಿನ ನಾಡಿನಿಂದ ವಿಜ್ಞಾನದ ಪದವಿ ಮುಗಿಸಿದವರು ಸಂಶೋಧನೆಗೆ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯಕ್ಕೋ (ಸ್ಥಾಪನೆ 2010), ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೋ (1998), ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೋ ಸೇರುತ್ತಾರೆ. ಗಡಿಯಾಚೆ, ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಲಾಪುರದಲ್ಲಿ, 1962ರಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯವಿದೆ. ಕೋಟಿಗಟ್ಟಲೆ ಬೆಲೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಾಲ್ಲೂಕು ಊರಿನ ಕಾಲೇಜಿನಲ್ಲಿ ಇರುವಂಥದ್ದಲ್ಲ. ಅದು ಧಾರವಾಡ, ಕೊಲ್ಲಾಪುರದಂಥ ವಿಶ್ವವಿದ್ಯಾಲಯಗಳ ಉಪಕರಣ ಕೇಂದ್ರಗಳಲ್ಲೋ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲೋ ಸಿಗುತ್ತದೆ.

ಎರಡನೆಯ ಬೇರು ಹಳೆಯದು. ಈ ಐದು ತಾಲ್ಲೂಕುಗಳು ಕರ್ನಾಟಕದಲ್ಲಿ ದಿಗಂಬರ ಜೈನ ಒಕ್ಕಲು ಮನೆತನಗಳು ಗಣನೀಯವಾಗಿ ನೆಲೆಸಿರುವ ಸೀಮೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬಾರದು, ಬಟ್ಟೆಯಲ್ಲಿ ಉಳಿದದ್ದನ್ನು ನೀರು ಸೇದಿದ ಬಾವಿಗೇ ಮರಳಿ ಬಿಡಬೇಕು ಎಂಬುದು ಶ್ರಾವಕರ, ಅಂದರೆ ಜೈನ ಗೃಹಸ್ಥರ, ನಿಯಮ. ಕಣ್ಣಿಗೆ ಕಾಣದ ಜೀವಕ್ಕೂ ಲೆಕ್ಕವಿದೆ ಎಂಬ ತಿಳಿವಳಿಕೆ ಅಡುಗೆಮನೆಯ ರೂಢಿಯಾಗಿ ಇಳಿದಿರುವ ಪರಂಪರೆ ಇದು. ಕಾಣದ್ದನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಇದೇ ಪರಂಪರೆಯ ಶಾಸ್ತ್ರಗಳು ಬಹಳ ಬಿಗಿಯಾಗಿ ಚರ್ಚಿಸಿವೆ. ಆ ಪರಂಪರೆಯ ಹೆಸರಾಂತ ಕೆಲವರು ಇದೇ ನೆಲದವರು. ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆ (1906–1975) ಮತ್ತು ದಿಗಂಬರ ಮುನಿ ಆಚಾರ್ಯ ವಿದ್ಯಾಸಾಗರ (1946–2024) ಇಬ್ಬರೂ ಹುಟ್ಟಿದ್ದು ಚಿಕ್ಕೋಡಿ ಭಾಗದ ಸದಲಗಾ ಗ್ರಾಮದಲ್ಲಿ. ಇನ್ನೊಬ್ಬ ದಿಗಂಬರ ಮುನಿ ಆಚಾರ್ಯ ಶಾಂತಿಸಾಗರರು (1872–1955) ದೂಧಗಂಗಾ, ವೇದಗಂಗಾ ತೀರದ ಭೋಜ ಗ್ರಾಮದ ಪಾಟೀಲ ಮನೆತನದವರು.

ಬೆಳಕಿನ ಮಿತಿ, ಉಪಕರಣದ ಉಪಾಯ

ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ 1ರಿಂದ 100 ನ್ಯಾನೋಮೀಟರ್ ಒಳಗಿರುವ ವಸ್ತುವನ್ನು ನ್ಯಾನೋ ವಸ್ತು ಎನ್ನುವುದು ವಾಡಿಕೆ. ಕಣ್ಣಿಗೆ ಗೋಚರವಾಗುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ಮಸೂರ ಎಷ್ಟೇ ಚೆನ್ನಾಗಿರಲಿ, ತರಂಗದೂರದ ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೆಳಕು ಬೇರೆಬೇರೆಯಾಗಿ ತೋರಿಸಲಾರದು ಎಂದು ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲಿ ತೋರಿಸಿದರು. ಆ ಲೆಕ್ಕದಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕದ ಗಡಿ ಸುಮಾರು 200 ನ್ಯಾನೋಮೀಟರ್. ನ್ಯಾನೋ ಲೋಕ ಶುರುವಾಗುವುದೇ ಆ ಗಡಿಯ ಕೆಳಗೆ.

ಚಲಿಸುವ ಎಲೆಕ್ಟ್ರಾನಿಗೂ ತರಂಗಗುಣವಿದೆ ಎಂದು ಲೂಯಿ ದ ಬ್ರಾಯ್ 1924ರಲ್ಲಿ ಹೇಳಿದ ಮೇಲೆ ಹೊಸ ದಾರಿ ತೆರೆಯಿತು. ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ 1931ರಲ್ಲಿ ಬರ್ಲಿನ್‌ನಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಇಂದಿನ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ, ಅಂದರೆ ಟಿಇಎಂನಲ್ಲಿ, 200 ಕಿಲೋವೋಲ್ಟ್ ಒತ್ತಡದಿಂದ ಹೊರಟ ಎಲೆಕ್ಟ್ರಾನಿನ ತರಂಗದೂರ ಸುಮಾರು 0.0025 ನ್ಯಾನೋಮೀಟರ್. ಆದರೆ ಕಾಂತ ಮಸೂರಗಳ ದೋಷದಿಂದಾಗಿ ಆ ಸೂಕ್ಷ್ಮತೆ ದಶಕಗಳ ಕಾಲ ಕೈಗೆಟುಕಲಿಲ್ಲ. 1998ರಲ್ಲಿ ಹೈಡರ್, ರೋಸ್, ಉರ್ಬಾನ್ ಮೊದಲಾದವರು ಆ ದೋಷವನ್ನು ಸರಿಪಡಿಸುವ ಸಾಧನವನ್ನು ಮಾಡಿ ತೋರಿಸಿದ ಮೇಲೆ ಪರಮಾಣುಗಳ ಸಾಲು ಸ್ಪಷ್ಟವಾಗತೊಡಗಿತು. ಇನ್ನೊಂದು ದಾರಿ ಸೂಜಿಯದು. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ರೂಪಿಸಿದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಮಸೂರವೇ ಇಲ್ಲ. ಚೂಪಾದ ಲೋಹದ ಮೊನೆ ಮೇಲ್ಮೈಯ ತೀರ ಸಮೀಪದಲ್ಲಿ ಸರಿಯುತ್ತದೆ. ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ಹರಿಯುವ ವಿದ್ಯುತ್ತು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಏರಿಳಿತವನ್ನು ಗಣಕ ಚಿತ್ರವಾಗಿ ಬರೆಯುತ್ತದೆ. ರುಸ್ಕಾ, ಬಿನ್ನಿಗ್, ರೋರರ್ ಮೂವರೂ 1986ರ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಈ ಯಾವ ಉಪಕರಣದಲ್ಲೂ ವಸ್ತುವಿನಿಂದ ಹೊರಟ ಬೆಳಕು ಕಣ್ಣನ್ನು ಸೇರುವುದಿಲ್ಲ. ಎಲೆಕ್ಟ್ರಾನುಗಳ ಚದುರುವಿಕೆ, ವಿದ್ಯುತ್ತಿನ ಏರಿಳಿತ, ಗಣಕದ ಲೆಕ್ಕ ಇವೆಲ್ಲ ದಾಟಿದ ಮೇಲೆ ಪರದೆಯ ಮೇಲೆ ಒಂದು ಆಕಾರ ಬರುತ್ತದೆ. ತಾತ್ತ್ವಿಕ ತೊಡಕು ಹುಟ್ಟುವುದು ಇಲ್ಲಿ.

ಕಂಡಿತೆನ್ನಬಹುದೇ

ಪಶ್ಚಿಮದ ವಿಜ್ಞಾನ ತತ್ತ್ವಶಾಸ್ತ್ರದಲ್ಲಿ ಈ ತೊಡಕಿನ ಮೇಲೆ ಎರಡು ಪಕ್ಷಗಳಿವೆ. ಬಾಸ್ ವಾನ್ ಫ್ರಾಸನ್ 1980ರ ತಮ್ಮ ಗ್ರಂಥದಲ್ಲಿ ಬರಿಗಣ್ಣಿಗೆ ಕಾಣಬಲ್ಲದ್ದು ಮತ್ತು ಕಾಣಲಾರದ್ದು ಎಂಬ ಗೆರೆ ಎಳೆದರು. ಗುರುಗ್ರಹದ ಉಪಗ್ರಹಗಳನ್ನು ದೂರದರ್ಶಕದಲ್ಲಿ ನೋಡುತ್ತಿದ್ದರೂ ಹತ್ತಿರ ಹೋದರೆ ಬರಿಗಣ್ಣಿನಿಂದಲೇ ನೋಡಬಹುದು. ಪರಮಾಣುವಿನ ಬಳಿ ಹಾಗೆ ಹೋಗಿ ನೋಡುವ ದಾರಿಯಿಲ್ಲ. ಆದ್ದರಿಂದ ಕಾಣುವ ಸಂಗತಿಗಳೊಂದಿಗೆ ಸಿದ್ಧಾಂತ ಹೊಂದಿಕೊಂಡರೆ ಸಾಕು, ಅದು ಹೇಳುವ ಅಗೋಚರ ವಸ್ತುಗಳು ಇವೆ ಎಂದು ನಂಬಬೇಕಾದ ಕಟ್ಟುಪಾಡಿಲ್ಲ ಎಂಬುದು ಅವರ ನಿಲುವು.

ಇಯಾನ್ ಹ್ಯಾಕಿಂಗ್ 1983ರಲ್ಲಿ ಇದಕ್ಕೆ ಪ್ರತಿಯಾಗಿ ಎರಡು ವಾದಗಳನ್ನು ಮುಂದಿಟ್ಟರು. ತೀರ ಬೇರೆ ಭೌತಿಕ ತತ್ತ್ವಗಳ ಮೇಲೆ ನಡೆಯುವ ಎರಡು ಸೂಕ್ಷ್ಮದರ್ಶಕಗಳು ಒಂದೇ ಜಾಗದಲ್ಲಿ ಒಂದೇ ರಚನೆಯನ್ನು ತೋರಿಸಿದರೆ ಅದನ್ನು ಕಾಕತಾಳೀಯ ಎನ್ನಲಾಗದು. ಎರಡನೆಯದು, ವಸ್ತುವನ್ನು ಬರೀ ನೋಡದೆ ಅದರ ಮೇಲೆ ಕೆಲಸ ಮಾಡಿ ನಿರೀಕ್ಷಿಸಿದ ಫಲ ಪಡೆದರೆ ಅದರ ಇರವಿಗೆ ಬಲ ಬರುತ್ತದೆ. 1989ರಲ್ಲಿ ಐಬಿಎಂ ಪ್ರಯೋಗಾಲಯದ ಡಾನ್ ಐಗ್ಲರ್ ಟನಲಿಂಗ್ ಸೂಕ್ಷ್ಮದರ್ಶಕದ ಸೂಜಿಯಿಂದ 35 ಝೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಸಂಸ್ಥೆಯ ಮೂರಕ್ಷರದ ಹೆಸರನ್ನು ಬರೆದದ್ದು ಈ ವಾದಕ್ಕೆ ಒದಗಿದ ಉದಾಹರಣೆ. ಭಾರತೀಯ ತಾರ್ಕಿಕರಿಗೆ ಇದು ಹೊಸ ಮಾತಲ್ಲ. ಪ್ರವೃತ್ತಿ ಫಲಿಸಿದರೆ ಜ್ಞಾನ ನಿಜ ಎಂದು ನ್ಯಾಯಭಾಷ್ಯಕಾರ ವಾತ್ಸ್ಯಾಯನ ತಮ್ಮ ಗ್ರಂಥದ ಆರಂಭದಲ್ಲೇ ಹೇಳುತ್ತಾರೆ. ಅರ್ಥಕ್ರಿಯೆಯನ್ನು, ಅಂದರೆ ಉದ್ದೇಶಿತ ಫಲ ಕೊಡುವ ಸಾಮರ್ಥ್ಯವನ್ನು, ಬೌದ್ಧ ತಾರ್ಕಿಕ ಧರ್ಮಕೀರ್ತಿ ಪ್ರಮಾಣದ ಒರೆಗಲ್ಲಾಗಿ ಇಟ್ಟರು.

ಪಶ್ಚಿಮದ ಈ ಎರಡು ಪಕ್ಷಗಳಿಗೂ ಸಮಾನವಾದ ಒಂದು ನಂಬಿಕೆ ಇದೆ. ಬರಿಗಣ್ಣಿನ ನೋಟ ನೇರವಾದದ್ದು, ಅದರ ಬಗ್ಗೆ ತಕರಾರಿಲ್ಲ ಎಂದು ಇಬ್ಬರೂ ಒಪ್ಪಿ ಮುಂದೆ ಹೋಗುತ್ತಾರೆ. ಜೈನ ಜ್ಞಾನಮೀಮಾಂಸೆ ಕೈಯಿಡುವುದು ಅಲ್ಲಿಗೇ.

ಕಣ್ಣೂ ಒಂದು ಉಪಕರಣ

ಜೈನರ ಎಲ್ಲ ಪಂಥಗಳೂ ಮನ್ನಿಸುವ ತತ್ತ್ವಾರ್ಥಸೂತ್ರ ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಇಂದ್ರಿಯ ಮತ್ತು ಮನಸ್ಸಿನಿಂದ ಬರುವುದು ಮತಿಜ್ಞಾನ. ಮಾತಿನಿಂದ, ಶಾಸ್ತ್ರದಿಂದ ಬರುವುದು ಶ್ರುತಜ್ಞಾನ. ಈ ಎರಡನ್ನೂ ಸೂತ್ರ ಪರೋಕ್ಷ ಎಂದೇ ಕರೆಯುತ್ತದೆ. ಆತ್ಮಕ್ಕೆ ನೇರವಾಗಿ ದಕ್ಕುವ ಉಳಿದ ಮೂರು ಮಾತ್ರ ಪ್ರತ್ಯಕ್ಷ. ಪ್ರತ್ಯಕ್ಷ ಎಂಬ ಪದದೊಳಗಿನ ಅಕ್ಷ ಎಂದರೆ ನ್ಯಾಯದರ್ಶನದ ಪ್ರಕಾರ ಇಂದ್ರಿಯ. ಹೀಗಾಗಿ ಕಣ್ಣಿಗೆ ಕಂಡದ್ದು ಪ್ರತ್ಯಕ್ಷ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಅಕ್ಷ ಎಂದರೆ ಆತ್ಮ ಎಂದು ಅರ್ಥ ಹೇಳಿದರು. ಆತ್ಮಕ್ಕೂ ವಸ್ತುವಿಗೂ ನಡುವೆ ಏನೊಂದು ನಿಂತರೂ ಆ ಜ್ಞಾನ ಪರೋಕ್ಷವೇ. ಆ ನಡುವಿನದು ಕಣ್ಣೇ ಆದರೂ ಸರಿ. ಲೋಕರೂಢಿಗೆ ಒಗ್ಗದ ಈ ಮಾತನ್ನು 8ನೆಯ ಶತಮಾನದ ಅಕಲಂಕರು ಸಡಿಲಿಸಿ, ಇಂದ್ರಿಯಜ್ಞಾನಕ್ಕೆ ಸಾಂವ್ಯವಹಾರಿಕ ಪ್ರತ್ಯಕ್ಷ ಎಂಬ ಹೆಸರನ್ನು ಬಳಸಿದರು. ವ್ಯವಹಾರಕ್ಕೆ ಅದನ್ನು ಪ್ರತ್ಯಕ್ಷ ಎನ್ನಬಹುದು, ಪರಮಾರ್ಥದಲ್ಲಿ ಅದು ಪರೋಕ್ಷ.

ಈ ವಿಂಗಡಣೆಯ ಬೆಳಕಿನಲ್ಲಿ ವಾನ್ ಫ್ರಾಸನ್ ಎಳೆದ ಗೆರೆ ಮಸುಕಾಗುತ್ತದೆ. ಬರಿಗಣ್ಣು, ಚಾಳೀಸು, ಗಾಜಿನ ಮಸೂರ, ಎಲೆಕ್ಟ್ರಾನ್ ಮಸೂರ ಇವು ಒಂದೇ ಸಾಲಿನ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಿನಲ್ಲಿ ನಡುವಿನವರು ಹೆಚ್ಚು, ಕೆಳಗಿನದರಲ್ಲಿ ಕಡಿಮೆ, ಅಷ್ಟೇ. ಪರೋಕ್ಷವಾದದ್ದು ಸುಳ್ಳು ಎಂದೂ ಜೈನ ತಾರ್ಕಿಕರು ಹೇಳುವುದಿಲ್ಲ. ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಲ್ಲವೂ ಅವರ ಲೆಕ್ಕದಲ್ಲಿ ಪರೋಕ್ಷ ಪ್ರಮಾಣಗಳೇ. ಪ್ರಮಾಣ ಎಂಬ ಗೌರವ ಅವಕ್ಕೆ ತಪ್ಪುವುದಿಲ್ಲ, ಶೋಧನೆಯ ಹೊಣೆಯೂ ತಪ್ಪುವುದಿಲ್ಲ.

ಇಂದ್ರಿಯದ ರಚನೆಯ ಬಗ್ಗೆ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಇನ್ನೂ ಉಪಯುಕ್ತವಾದ ಒಂದು ಭೇದವನ್ನು ಮಾಡುತ್ತದೆ. ದ್ರವ್ಯೇಂದ್ರಿಯವೆಂದರೆ ಇಂದ್ರಿಯದ ಭೌತಿಕ ಅಂಗ. ಅದರಲ್ಲಿ ರಚನೆ ಮತ್ತು ಅದಕ್ಕೆ ನೆರವಾಗುವ ಉಪಕರಣ ಎಂಬ ಎರಡು ಭಾಗಗಳು. ಇಂದ್ರಿಯದ ಒಳಮುಖವಾದ ಭಾವೇಂದ್ರಿಯದಲ್ಲೂ ಎರಡು ಭಾಗಗಳು: ಲಬ್ಧಿ ಎಂದರೆ ಗ್ರಹಿಸುವ ಶಕ್ತಿ, ಉಪಯೋಗ ಎಂದರೆ ಆ ಶಕ್ತಿಯನ್ನು ವಸ್ತುವಿನ ಕಡೆ ತೊಡಗಿಸುವುದು. ಸೂಕ್ಷ್ಮದರ್ಶಕ ಎಷ್ಟೇ ಬೆಲೆಯದಾಗಲಿ, ಹೆಚ್ಚೆಂದರೆ ದ್ರವ್ಯೇಂದ್ರಿಯದ ಉಪಕರಣವನ್ನು ಅದು ಬೆಳೆಸೀತು. ಲಬ್ಧಿ ಮತ್ತು ಉಪಯೋಗಗಳು ನೋಡುವವರಲ್ಲೇ ಬೆಳೆಯಬೇಕು. ತರಬೇತಿ ಎಂಬುದರ ವ್ಯಾಪ್ತಿ ಇದೇ.

ನೋಟದ ನಾಲ್ಕು ಹಂತ

ಮತಿಜ್ಞಾನ ಒಂದೇ ಏಟಿಗೆ ಆಗುವುದಿಲ್ಲ. ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳಲ್ಲಿ ಆಗುತ್ತದೆ. ಪೂಜ್ಯಪಾದರು ಕೊಡುವ ಉದಾಹರಣೆ ಸರಳವಾಗಿದೆ. ದೂರದಲ್ಲಿ ಏನೋ ಬೆಳ್ಳಗೆ ಕಂಡರೆ ಅದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ನಿಶ್ಚಯದ ಕಡೆಗೆ ಹೊರಡುವುದು ಈಹೆ. ಮೇಲೇಳುವುದು, ಕೆಳಗಿಳಿಯುವುದು, ರೆಕ್ಕೆ ಬಡಿಯುವುದು ಇವನ್ನು ನೋಡಿ ಬೆಳ್ಳಕ್ಕಿಯೇ ಎಂದು ತೀರ್ಮಾನಿಸುವುದು ಅವಾಯ. ಆ ತೀರ್ಮಾನ ಮರೆಯದೆ ಉಳಿಯುವುದು ಧಾರಣೆ. ಕೃಷ್ಣಾ ತೀರದ ಕಬ್ಬಿನ ಗದ್ದೆಗಳಲ್ಲಿ ದಿನವೂ ನಡೆಯುವ ಈ ನೋಟವೇ ಸೂಕ್ಷ್ಮದರ್ಶಕದ ಮುಂದೆ ಕುಳಿತ ಸಂಶೋಧನಾರ್ಥಿಯ ಪಾಠಕ್ರಮವೂ ಆಗಬಲ್ಲದು.

ಅವಗ್ರಹದ ಹಂತದಲ್ಲಿ ಕಲಿಯಬೇಕಾದದ್ದು ಹೆಸರಿಡದೆ ನೋಡುವುದು. ಟಿಇಎಂ ಮಾದರಿಯನ್ನು 3 ಮಿ.ಮೀ. ವ್ಯಾಸದ ತಾಮ್ರದ ಗ್ರಿಡ್ ಮೇಲೆ, ತೆಳುವಾದ ಇಂಗಾಲದ ಪೊರೆಯ ಮೇಲೆ ಹನಿಸಿ ಒಣಗಿಸುತ್ತಾರೆ. ಹೊಸಬರ ಆತುರ ಹೆಚ್ಚಾಗಿ ಅತ್ಯಧಿಕ ವರ್ಧನೆಯ ಕಡೆಗೆ ಇರುತ್ತದೆ. ಪಳಗಿದವರು ಮೊದಲು ಕಡಿಮೆ ವರ್ಧನೆಯಲ್ಲಿ ಗ್ರಿಡ್ ಪೂರ್ತಿ ಸುತ್ತಿ ಬರುತ್ತಾರೆ. ಪೊರೆ ಎಲ್ಲಿ ಹರಿದಿದೆ, ಕಣಗಳು ಎಲ್ಲಿ ಗುಂಪುಗಟ್ಟಿವೆ, ಎಲ್ಲಿ ಖಾಲಿ ಇದೆ ಎಂದು ಗುರುತಿಸಿಕೊಳ್ಳುತ್ತಾರೆ. ಈ ಸುತ್ತಾಟದ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು. ಒಂದು ಮೈಕ್ರಾನ್ ಉದ್ದ, ಅಷ್ಟೇ ಅಗಲ, 100 ನ್ಯಾನೋಮೀಟರ್ ದಪ್ಪದ ಭಾಗ ಒಂದು ಚಿತ್ರದಲ್ಲಿ ಬಂದಿತೆನ್ನೋಣ. ಒಂದು ಘನ ಮಿಲಿಮೀಟರ್ ವಸ್ತುವನ್ನು ಪೂರ್ತಿ ನೋಡಲು ಅಂಥ 1000 ಕೋಟಿ ಚಿತ್ರಗಳು ಬೇಕು. ಚೆಂದ ಕಂಡ ಒಂದು ಮೂಲೆಯನ್ನು ಹಿಡಿದು ಇಡೀ ವಸ್ತುವಿನ ಬಗ್ಗೆ ಮಾತಾಡುವುದು ಎಂಥ ಸಾಹಸ ಎಂಬುದು ಇದರಿಂದ ಗೊತ್ತಾಗುತ್ತದೆ.

ಈಹೆ ಎಂದರೆ ಸಂಶಯವಲ್ಲ. ಸಂಶಯ ಎರಡು ತುದಿಗಳ ನಡುವೆ ತೂಗಾಡುತ್ತ ನಿಲ್ಲುತ್ತದೆ, ಈಹೆ ನಿರ್ಣಯದ ಕಡೆ ನಡೆಯುತ್ತದೆ ಎಂದು ವ್ಯಾಖ್ಯಾನಕಾರರು ಬೇರ್ಪಡಿಸಿದ್ದಾರೆ. ಕಪ್ಪಗೆ ಕಂಡ ಚುಕ್ಕೆ ನ್ಯಾನೋ ಕಣವೋ, ದ್ರಾವಣ ಒಣಗಿದಾಗ ಉಳಿದ ಉಪ್ಪಿನ ಹರಳೋ? ನೋಡುನೋಡುತ್ತಲೇ ಎಲೆಕ್ಟ್ರಾನ್ ಪುಂಜವೇ ತಂದು ಕೂಡಿಸಿದ ಇಂಗಾಲದ ಕೊಳೆಯೋ? ಈ ಪ್ರಶ್ನೆಗಳಿಗೆ ಪರೀಕ್ಷೆಗಳಿವೆ. ಮಾದರಿಯನ್ನು ಓರೆಮಾಡಿ ನೋಡುವುದು, ಫೋಕಸ್ ಬದಲಿಸಿ ನೋಡುವುದು, ವಿವರ್ತನೆಯ ಚಿತ್ರ ತೆಗೆಯುವುದು, ಎಕ್ಸ್-ಕಿರಣ ರೋಹಿತದಿಂದ ಮೂಲವಸ್ತು ಗುರುತಿಸುವುದು ಇವು ಮುಖ್ಯವಾದವು. ಪ್ರತಿ ಪರೀಕ್ಷೆಯಲ್ಲೂ ಬಲೆಯಿದೆ. ರೋಹಿತದಲ್ಲಿ ತಾಮ್ರ ಕಂಡರೆ ಅದು ಮಾದರಿಯದೇ ಆಗಬೇಕಿಲ್ಲ, ಗ್ರಿಡ್‌ನದೂ ಇರಬಹುದು. ಫೋಕಸ್ ತುಸು ಸರಿದರೆ ಪರಮಾಣುಗಳ ಸಾಲು ಕಪ್ಪಿನಿಂದ ಬಿಳಿಗೆ ತಿರುಗುತ್ತದೆ. ಬಿಳಿ ಚುಕ್ಕೆಯೇ ಪರಮಾಣು ಎಂದು ಪಾಠ ಒಪ್ಪಿಸಿದವರು ಖಾಲಿ ಜಾಗವನ್ನು ಪರಮಾಣು ಎಂದು ಬರೆದಾರು.

ಅವಾಯವೆಂದರೆ ಇತರ ಸಾಧ್ಯತೆಗಳನ್ನು ತಳ್ಳಿ ನಿಲ್ಲುವ ತೀರ್ಮಾನ. ಅಳತೆಪಟ್ಟಿಯನ್ನು ಗೊತ್ತಿರುವ ಸ್ಫಟಿಕದ ಅಂತರದೊಂದಿಗೆ ಹೋಲಿಸುವುದು, ನೂರಾರು ಕಣಗಳನ್ನು ಎಣಿಸಿ ಸರಾಸರಿ ಮತ್ತು ಹರಹು ಕೊಡುವುದು, ಊಹಿಸಿದ ರಚನೆಯಿಂದ ಗಣಕದಲ್ಲಿ ಚಿತ್ರ ಕಟ್ಟಿ ನಿಜ ಚಿತ್ರದೊಂದಿಗೆ ತಾಳೆ ನೋಡುವುದು ಇದಕ್ಕೆ ಸಾಧನಗಳು. ಈ ಹಂತದ ದೊಡ್ಡ ಉದಾಹರಣೆ ಡ್ಯಾನ್ ಶೆಚ್‌ಟ್‌ಮನ್ ಅವರದು. 1982ರ ಏಪ್ರಿಲ್ 8ರಂದು ಅಲ್ಯುಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಅವರು ಹತ್ತುಮಡಿ ಸಮಮಿತಿಯ ವಿವರ್ತನೆ ಚಿತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಅಂದಿನ ಸ್ಫಟಿಕಶಾಸ್ತ್ರದ ಪ್ರಕಾರ ಅಂಥದ್ದು ಇರಲು ಸಾಧ್ಯವಿರಲಿಲ್ಲ. ಅವಳಿ ಸ್ಫಟಿಕಗಳು ಸೇರಿ ಹಾಗೆ ಭ್ರಮೆ ಹುಟ್ಟಿಸಿರಬಹುದೇ ಎಂದು ಅವರೇ ಮೊದಲು ಪರೀಕ್ಷಿಸಿ ಆ ಸಾಧ್ಯತೆಯನ್ನು ತಳ್ಳಿದರು. ಪ್ರಬಂಧ ಪ್ರಕಟವಾದದ್ದು 1984ರ ನವೆಂಬರ್‌ನಲ್ಲಿ. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಕೂಡ ಅವಳಿ ಸ್ಫಟಿಕದ ವಾದ ಹಿಡಿದು ವಿರೋಧಿಸಿದರು. 2011ರಲ್ಲಿ ಶೆಚ್‌ಟ್‌ಮನ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂದಿತು. ಈಹೆಯನ್ನು ಪೂರ್ತಿ ಮುಗಿಸಿಯೇ ಅವಾಯಕ್ಕೆ ಬಂದದ್ದರಿಂದ ಆ ತೀರ್ಮಾನ ವಿರೋಧವನ್ನು ತಾಳಿಕೊಂಡಿತು.

ಧಾರಣೆಗೆ ಎರಡು ಮುಖಗಳು. ಹೊರಗಿನದು ದಾಖಲೆ: ತಿದ್ದದ ಮೂಲ ಕಡತ, ವೋಲ್ಟೇಜು, ವರ್ಧನೆ, ದಿನಾಂಕ, ಮಾದರಿಯ ಗುರುತು, ಬಿಟ್ಟ ಚಿತ್ರಗಳ ಪಟ್ಟಿ. ಒಳಗಿನದು ಸಂಸ್ಕಾರ: ನೂರು ಬಗೆಯ ದೋಷಗಳನ್ನು ಒಮ್ಮೆ ಗುರುತಿಸಿದ ಕಣ್ಣು ನೂರೊಂದನೆಯದನ್ನು ಕಂಡೊಡನೆ ತಡೆಯುವ ಗುಣ. ಪುಸ್ತಕ ಓದಿ ಬರುವಂಥದ್ದಲ್ಲ ಇದು. ಉಪಕರಣದ ಮುಂದೆ ಕಳೆದ ಗಂಟೆಗಳಿಂದ ಬರುತ್ತದೆ.

ಶ್ರುತ ಮತ್ತು ಮತಿ

ತಾಲ್ಲೂಕು ಊರುಗಳ ಸಂಶೋಧನೆಯಲ್ಲಿ ಮಾದರಿಯನ್ನು ಪುಟ್ಟ ಶೀಶೆಯಲ್ಲಿ ಹಾಕಿ ದೂರದ ಉಪಕರಣ ಕೇಂದ್ರಕ್ಕೆ ಕಳಿಸಿ, ಶುಲ್ಕ ಕಟ್ಟಿ, ಚಿತ್ರಗಳನ್ನು ತರಿಸಿಕೊಳ್ಳುವ ರೂಢಿ ಇದೆ. ಸಂಪನ್ಮೂಲದ ದೃಷ್ಟಿಯಿಂದ ಇದು ಅನಿವಾರ್ಯ. ಜ್ಞಾನದ ದೃಷ್ಟಿಯಿಂದ ಇದರ ಸ್ಥಾನ ಬೇರೆ. ಉದಾಹರಣೆಗೆ, ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುತ್ತದೆ. ಅದರಿಂದ ನ್ಯಾನೋ ಸಿಲಿಕಾ ತಯಾರಿಸಿದ ವಿದ್ಯಾರ್ಥಿಯೊಬ್ಬರು ಮಾದರಿ ಕಳಿಸಿದರೆನ್ನೋಣ. ಎಲ್ಲಿ ನೋಡಬೇಕು, ಯಾವ ಚಿತ್ರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಿದವರು ಉಪಕರಣ ನಡೆಸಿದವರು. ವಿದ್ಯಾರ್ಥಿಗೆ ಬಂದದ್ದು ಹತ್ತು ಚಿತ್ರ. ಅವರು ಕಂಡುಬಂದಿದೆ ಎಂದು ಬರೆದರೂ ಅದು ಮತಿಜ್ಞಾನವಾಗಲಿಲ್ಲ, ಶ್ರುತವಾಯಿತು.

ಶ್ರುತವನ್ನು ಜೈನ ಶಾಸ್ತ್ರ ಕೀಳುಗಳೆಯುವುದಿಲ್ಲ. ಆದರೆ ಶ್ರುತಕ್ಕೆ ಮೊದಲು ಮತಿ ಇರಬೇಕು ಎಂದು ತತ್ತ್ವಾರ್ಥಸೂತ್ರ ಕ್ರಮ ಹೇಳುತ್ತದೆ. ಒಮ್ಮೆಯಾದರೂ ಸ್ವತಃ ಫೋಕಸ್ ತಿರುಗಿಸಿ ಕಪ್ಪು ಬಿಳಿಯಾದದ್ದನ್ನು ಕಂಡವರು ಮಾತ್ರ ಇನ್ನೊಬ್ಬರು ತೆಗೆದ ಚಿತ್ರವನ್ನು ಸರಿಯಾಗಿ ಓದಬಲ್ಲರು. ಈ ಕೊರತೆಯನ್ನು ತುಂಬುವ ವ್ಯವಸ್ಥೆಗಳು ಕರ್ನಾಟಕದಲ್ಲೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ನಡೆಸಿಕೊಂಡು ಬಂದ ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಹೊರಗಿನ ಕಾಲೇಜುಗಳ ಸಂಶೋಧಕರಿಗೆ ಉಪಕರಣಗಳ ಬಾಗಿಲು ತೆರೆದಿದೆ. 2020ರ ಜನವರಿ 3ರಂದು ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಉದ್ಘಾಟನೆಯಾದ ಐ-ಸ್ಟೆಮ್ ಜಾಲ ದೇಶದ ಉಪಕರಣಗಳನ್ನು ಹುಡುಕಿ ಕಾದಿರಿಸಲು ನೆರವಾಗುತ್ತದೆ. ಬರೀ ಮಾದರಿ ಹೋಗುವ ಬದಲು ಮಾದರಿಯ ಜೊತೆ ವಿದ್ಯಾರ್ಥಿಯೂ ಹೋದರೆ ಈ ಸೌಲಭ್ಯಗಳ ಪೂರ್ಣ ಪ್ರಯೋಜನ ಸಿಗುತ್ತದೆ.

ನಯ ಮತ್ತು ನಯಾಭಾಸ

ವಸ್ತು ಅನಂತ ಧರ್ಮಗಳುಳ್ಳದ್ದು, ಒಂದು ನಿಲುವಿನಿಂದ ನೋಡಿದಾಗ ಒಂದು ಧರ್ಮ ಗೋಚರಿಸುತ್ತದೆ ಎಂಬುದು ಅನೇಕಾಂತವಾದ. ಆ ನಿಲುವಿಗೆ ನಯ ಎಂದು ಹೆಸರು. ಇತರ ನಿಲುವುಗಳನ್ನು ಅಲ್ಲಗಳೆದು ತನ್ನದೊಂದೇ ನಿಜ ಎನ್ನುವ ನಯ ನಯಾಭಾಸವಾಗುತ್ತದೆ. ನ್ಯಾನೋ ಕಣದ ಗಾತ್ರವನ್ನು ಅಳೆಯುವಾಗ ಈ ಮಾತು ಪ್ರಯೋಗಾಲಯದ ಅನುಭವವಾಗುತ್ತದೆ. ಟಿಇಎಂ ಒಂದು ಕಣದ ನೆರಳಿನಂಥ ಎರಡು ಆಯಾಮದ ಚಿತ್ರ ಕೊಡುತ್ತದೆ. ತುದಿಯಿಂದ ನೋಡಿದ ಕಡ್ಡಿ ಅಲ್ಲಿ ಬಿಲ್ಲೆಯಂತೆ ಕಾಣುತ್ತದೆ. ದ್ರವದಲ್ಲಿ ತೇಲುವ ಕಣಗಳ ಮೇಲೆ ಲೇಸರ್ ಬೀರಿ ಅಳೆಯುವ ವಿಧಾನ ಕಣವನ್ನೂ ಅದಕ್ಕೆ ಅಂಟಿ ಚಲಿಸುವ ದ್ರವದ ಪದರವನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಎಕ್ಸ್-ಕಿರಣ ವಿವರ್ತನೆಯಿಂದ ಪೌಲ್ ಶೆರರ್ 1918ರಲ್ಲಿ ಕೊಟ್ಟ ಸೂತ್ರ ಹಿಡಿದು ಲೆಕ್ಕ ಹಾಕಿದರೆ ಕಣದೊಳಗಿನ ಒಂದೊಂದು ಸ್ಫಟಿಕದ ಗಾತ್ರ ಬರುತ್ತದೆ.

ಒಂದೇ ಮಾದರಿಗೆ ಮೂರು ಸಂಖ್ಯೆಗಳು ಬಂದಾಗ ಹೊಸ ವಿದ್ಯಾರ್ಥಿ ಗಾಬರಿಯಾಗಿ ಚೆಂದದ ಒಂದನ್ನು ಉಳಿಸಿ ಎರಡನ್ನು ಬಚ್ಚಿಡುವುದುಂಟು. ಮೂರೂ ತಮ್ಮ ತಮ್ಮ ನಿಲುವಿನಲ್ಲಿ ಸರಿಯಾಗಿರಬಹುದು, ಮೂರರ ವ್ಯತ್ಯಾಸವೇ ಕಣದ ಬಗ್ಗೆ ಹೊಸ ಸಂಗತಿ ಹೇಳಬಹುದು. ಜೈನರ ಸ್ಯಾದ್ವಾದ ಪ್ರತಿ ಹೇಳಿಕೆಗೂ ಸೇರಿಸುವ ಸ್ಯಾತ್ ಎಂಬ ಶಬ್ದಕ್ಕೆ ಬಹುದು ಎಂಬ ಅಳುಕಿನ ಅರ್ಥ ಹೇಳುವುದು ತಪ್ಪು. ಯಾವ ಅಪೇಕ್ಷೆಯಿಂದ ಈ ಮಾತು ನಿಜ ಎಂದು ಖಚಿತವಾಗಿ ನಮೂದಿಸುವುದು ಅದರ ಕೆಲಸ. ಮಹಾಪ್ರಬಂಧದಲ್ಲಿ ಪ್ರತಿ ಸಂಖ್ಯೆಯ ಪಕ್ಕ ಅಳೆದ ವಿಧಾನ, ಸ್ಥಿತಿ, ದೋಷದ ಮಿತಿ ಬರೆಯುವುದು ಸ್ಯಾದ್ವಾದದ ಪ್ರಯೋಗರೂಪ.

ಅವಧಾನ, ಪ್ರಮಾದ

ನೋಡುವ ಕ್ರಿಯೆ ನೋಡಿದ ವಸ್ತುವನ್ನು ಕೆಡಿಸುತ್ತದೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಂದು ಕಹಿ ಸತ್ಯ. ವೇಗದ ಎಲೆಕ್ಟ್ರಾನು ಪರಮಾಣುವನ್ನು ಅದರ ಜಾಗದಿಂದ ಕಿತ್ತೆಸೆಯುತ್ತದೆ, ಬಂಧಗಳನ್ನು ಮುರಿಯುತ್ತದೆ, ಕಾವೇರಿಸುತ್ತದೆ. ಗ್ರಾಫೀನ್, ಇಂಗಾಲದ ನಳಿಗೆಗಳಂಥ ವಸ್ತುಗಳನ್ನು 200 ಕಿಲೋವೋಲ್ಟ್ ಬಿಟ್ಟು 80ರ ಆಸುಪಾಸಿನಲ್ಲಿ ನೋಡುವುದು ಇದೇ ಕಾರಣಕ್ಕೆ. ಜೈವಿಕ ಅಣುಗಳನ್ನು ಹೆಪ್ಪುಗಟ್ಟಿಸಿ, ಕನಿಷ್ಠ ಎಲೆಕ್ಟ್ರಾನುಗಳಲ್ಲಿ ನೋಡುವ ವಿಧಾನವನ್ನು ಬೆಳೆಸಿದ ದುಬೊಶೆ, ಫ್ರಾಂಕ್, ಹೆಂಡರ್ಸನ್ ಅವರಿಗೆ 2017ರ ರಸಾಯನವಿಜ್ಞಾನದ ನೊಬೆಲ್ ಬಂದಿತು.

ಜಡವಸ್ತುವಿಗೆ ಆದ ಈ ಹಾನಿಯನ್ನು ಹಿಂಸೆ ಎಂದು ಕರೆಯಲಾಗದು. ಹಿಂಸೆಯೆಂದರೆ ಪ್ರಮಾದದಿಂದ ಪ್ರಾಣ ಕಳೆಯುವುದು ಎಂದು ತತ್ತ್ವಾರ್ಥಸೂತ್ರದ ಲಕ್ಷಣ. ಆದರೆ ಆ ಲಕ್ಷಣದ ಮೊದಲ ಪದ ಇಲ್ಲಿಗೂ ಸಲ್ಲುತ್ತದೆ. ಪ್ರಮಾದ ಎಂದರೆ ಎಚ್ಚರಗೇಡಿತನ. ಪುಂಜದಿಂದಲೇ ಕರಗಿ ರೂಪಗೆಟ್ಟ ಕಣವನ್ನು ಅದರ ಸಹಜ ರೂಪ ಎಂದು ವರದಿ ಮಾಡಿದರೆ ಆ ದೋಷದ ಬೇರು ಅಲ್ಲೇ ಇದೆ.

ಕಾಣುವುದು ಹೊಣೆಗಾರಿಕೆಯೂ ಹೌದು ಎಂಬುದಕ್ಕೆ ಈ ಸೀಮೆಯ ಸ್ಮರಣೆಯಲ್ಲಿ ನಿಂತ ನಿದರ್ಶನ ಆಚಾರ್ಯ ಶಾಂತಿಸಾಗರರದು. ದಿಗಂಬರ ಮುನಿ ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕು. ಇದಕ್ಕೆ ಈರ್ಯಾಸಮಿತಿ ಎಂದು ಹೆಸರು. ಇಳಿವಯಸ್ಸಿನಲ್ಲಿ ದೃಷ್ಟಿ ಕುಂದಿ, ಜೀವಿಗಳನ್ನು ಕಂಡು ನಡೆಯುವ ವ್ರತ ಪಾಲಿಸಲಾಗದು ಎಂದಾದಾಗ ಅವರು ಕುಂಥಲಗಿರಿಯಲ್ಲಿ ಆಹಾರ ತ್ಯಜಿಸುವ ಸಲ್ಲೇಖನ ವ್ರತ ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಪರರ ಬದುಕು ತನ್ನ ನೋಟದ ಮೇಲೆ ನಿಂತಿದೆ ಎಂಬ ತಿಳಿವಳಿಕೆಯ ತುದಿ ಅದು.

ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836–1921) ಪರಂಪರೆ ಅವಧಾನದ ಇನ್ನೊಂದು ಮಾದರಿಯನ್ನು ಕೊಡುತ್ತದೆ. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಅರೆದೆರೆದ ಕಣ್ಣಿನಿಂದ ನೆಟ್ಟ ನೋಟದಲ್ಲಿ ನಿಲ್ಲುವ ಶಿವಯೋಗ ಅಲ್ಲಿನ ಸಾಧನೆ. ಸೂಕ್ಷ್ಮದರ್ಶಕದ ಕೆಲಸಕ್ಕೂ ಇದಕ್ಕೂ ಹೋಲಿಕೆ ಒಂದು ಹಂತದವರೆಗೆ ಮಾತ್ರ. ಶಿವಯೋಗಿಯ ದೃಷ್ಟಿ ಒಂದೇ ರೂಪದಲ್ಲಿ ನೆಲೆನಿಲ್ಲಬೇಕು, ಸಂಶೋಧಕರ ದೃಷ್ಟಿ ಮನಸ್ಸಿಗೊಪ್ಪಿದ ರೂಪದಿಂದ ಕೀಳಲು ಕಲಿಯಬೇಕು. ಚಂಚಲತೆಯನ್ನು ಗೆಲ್ಲುವ ಅಭ್ಯಾಸ ಎರಡಕ್ಕೂ ಬೇಕು.

ಪರಮಾಣುವಿನ ಹೆಸರಿನಲ್ಲಿ

ಸೂಕ್ಷ್ಮದರ್ಶಕದ ಚಿತ್ರಗಳ ಮುಂದೆ ಮನಸ್ಸು ಎರಡು ತಪ್ಪುಗಳಿಗೆ ಜಾರುತ್ತದೆ. ಮೊದಲನೆಯದು, ಶಾಸ್ತ್ರದ ಪರಮಾಣುವೇ ವಿಜ್ಞಾನದ ಪರಮಾಣು ಎಂಬ ಹೆಮ್ಮೆ. ಜೈನ ಪರಮಾಣು ಪುದ್ಗಲ ಎಂಬ ಜಡದ್ರವ್ಯದ ಅವಿಭಾಜ್ಯ ಘಟಕ. ಒಂದು ರಸ, ಒಂದು ಗಂಧ, ಒಂದು ವರ್ಣ, ಎರಡು ಸ್ಪರ್ಶಗಳುಳ್ಳದ್ದು. ಸ್ನಿಗ್ಧ, ರೂಕ್ಷ ಗುಣಗಳಿಂದ ಒಂದಕ್ಕೊಂದು ಬಂಧವಾಗಿ ಸ್ಕಂಧ ಎಂಬ ಸಮೂಹವಾಗುತ್ತದೆ. ಅದು ಇಂದ್ರಿಯಕ್ಕೆ ಎಂದೂ ಗೋಚರವಾಗದು, ಕಾರ್ಯದಿಂದ ಮಾತ್ರ ತಿಳಿಯತಕ್ಕದ್ದು. ವಿಜ್ಞಾನದ ಪರಮಾಣು 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾದಾಗಲೇ ಅವಿಭಾಜ್ಯವಾಗಿ ಉಳಿಯಲಿಲ್ಲ. ವೈಶೇಷಿಕರ ಪರಮಾಣುವೂ ಬೇರೆಯೇ. ಬಿಸಿಲುಕೋಲಿನಲ್ಲಿ ಕುಣಿಯುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಅತಿ ಚಿಕ್ಕ ವಸ್ತು, ಅದರಲ್ಲಿ ಆರು ಪರಮಾಣುಗಳಿವೆ ಎಂಬುದು ಅವರ ಲೆಕ್ಕ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗದು.

ಎರಡನೆಯ ತಪ್ಪು ಇದರ ಬೆನ್ನಿನದು. ಉಪಕರಣಕ್ಕೆ ಸಿಗದ್ದು ಇಲ್ಲ ಎಂಬ ತೀರ್ಪು. 1873ರಲ್ಲಿ 200 ನ್ಯಾನೋಮೀಟರ್ ಕೆಳಗೆ ಏನೂ ಸಿಗುತ್ತಿರಲಿಲ್ಲ, ಹಾಗೆಂದು ಅಲ್ಲಿ ಏನೂ ಇಲ್ಲದಿರಲಿಲ್ಲ. ಉಪಕರಣದ ಮಿತಿ ಇರವಿನ ಮಿತಿಯಲ್ಲ. ಆದರೆ ಆತ್ಮ, ಕರ್ಮ, ಕೇವಲಜ್ಞಾನಗಳ ಬಗ್ಗೆ ಸೂಕ್ಷ್ಮದರ್ಶಕದಿಂದ ಸಾಕ್ಷಿ ತರುವುದೂ ಅಷ್ಟೇ ಅಸಂಗತ. ಅವು ಅದರ ವಿಷಯವಲ್ಲ.

ಈ ಎರಡು ತಪ್ಪುಗಳಿಗೂ ಮದ್ದು ಸದಲಗಾದ ಉಪಾಧ್ಯೆಯವರ ಕೆಲಸದ ರೀತಿಯಲ್ಲಿ ಸಿಗುತ್ತದೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದರು. ಜ್ಞಾನ ಮತ್ತು ಜ್ಞೇಯಗಳ ವಿಚಾರ ಆ ಗ್ರಂಥದ ಮುಖ್ಯ ವಿಷಯಗಳಲ್ಲಿ ಸೇರಿದೆ. ಪೂಜ್ಯವಾದ ಪಠ್ಯವನ್ನೂ ಹಸ್ತಪ್ರತಿಗಳನ್ನು ಹೋಲಿಸಿ, ಪಾಠಾಂತರ ನಮೂದಿಸಿ, ಕಾಲನಿರ್ಣಯಕ್ಕೆ ಆಧಾರಗಳನ್ನು ತೂಗಿ ಸಂಪಾದಿಸಬೇಕೆಂಬ ಶಿಸ್ತು ಅವರದು. ಹಸ್ತಪ್ರತಿಯಲ್ಲಿ ಇರುವ ಅಕ್ಷರ ಬೇರೆ, ಕಣ್ಣು ಬಯಸುವ ಅಕ್ಷರ ಬೇರೆ ಎಂದು ಅರಿತ ಸಂಪಾದಕರಿಗೂ, ಪರದೆಯ ಚುಕ್ಕೆ ಬೇರೆ, ಸಿದ್ಧಾಂತ ಬಯಸುವ ಚುಕ್ಕೆ ಬೇರೆ ಎಂದು ಅರಿತು ಸೂಕ್ಷ್ಮದರ್ಶಕ ಬಳಸುವವರಿಗೂ ಬೇಕಾದ ನಿಷ್ಠೆ ಒಂದೇ.

ತರಬೇತಿಯ ತಿರುಳು

ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯ ನಿಯಮಗಳನ್ನು ತಂದಿತು. 2019ರ ಡಿಸೆಂಬರ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಮೇಲೆ 2 ಕ್ರೆಡಿಟ್‌ಗಳ ಪಾಠವನ್ನು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಕಡ್ಡಾಯ ಮಾಡಿತು. ಕದಿಯಬಾರದು, ತಿದ್ದಬಾರದು ಎಂಬ ನಿಷೇಧಗಳನ್ನು ಅಂಥ ಪಾಠ ಕಲಿಸಬಲ್ಲದು. ಕದಿಯದೆ, ತಿದ್ದದೆ, ಪ್ರಾಮಾಣಿಕವಾಗಿಯೇ ತಪ್ಪು ಕಾಣುವವರನ್ನು ಅದು ತಿದ್ದಲಾರದು. ಅದಕ್ಕೆ ಬೇಕಾದದ್ದು ಅವಗ್ರಹದಿಂದ ಧಾರಣೆಯವರೆಗಿನ ಅಭ್ಯಾಸ, ಮತ್ತು ತನ್ನ ಅತ್ಯುತ್ತಮ ನೋಟವೂ ಪರೋಕ್ಷ ಎಂಬ ಅರಿವು.

ಆದ್ದರಿಂದ ಆರಂಭದ ಪ್ರಶ್ನೆಗೆ ಜೈನ ಜ್ಞಾನಮೀಮಾಂಸೆಯ ನೆರವಿನಿಂದ ದೊರೆಯುವ ಉತ್ತರ ಇದು. ಸೂಕ್ಷ್ಮದರ್ಶಕದ ಚಿತ್ರ ಪ್ರಮಾಣ, ಆದರೆ ಪರೋಕ್ಷ ಪ್ರಮಾಣ. ಅದನ್ನು ಸ್ವತಃ ಶೋಧಿಸಿದವರಿಗೆ ಅದು ಮತಿ, ತರಿಸಿಕೊಂಡವರಿಗೆ ಶ್ರುತ. ಎರಡೂ ಗ್ರಾಹ್ಯ, ಒಂದನ್ನು ಇನ್ನೊಂದೆಂದು ಬರೆಯುವುದು ಮಾತ್ರ ಅಗ್ರಾಹ್ಯ. ಉಪಕರಣವನ್ನು ಧಾರವಾಡದಲ್ಲೋ ಕೊಲ್ಲಾಪುರದಲ್ಲೋ ಬೆಂಗಳೂರಿನಲ್ಲೋ ಗಂಟೆಯ ಲೆಕ್ಕಕ್ಕೆ ಬಾಡಿಗೆಗೆ ಪಡೆಯಬಹುದು. ಲಬ್ಧಿ ಮತ್ತು ಉಪಯೋಗಗಳಿಗೆ ಬಾಡಿಗೆ ಇಲ್ಲ.